ಇನ್ಸುಲಿನ್ ತಗೊಳ್ಳುವವರ ಆರೈಕೆ: ಸೂಜಿಗೆ ಮೊದಲು ತಟ್ಟೆ ನೋಡಿ

ವಾರ್ಡ್ ಸಿಸ್ಟರ್, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಮೆಡಿಕಲ್ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿಂದ ಡಿಸ್ಚಾರ್ಜ್ ಆಗುವ ಸಕ್ಕರೆ ಕಾಯಿಲೆಯವರಲ್ಲಿ ಬಹಳ ಜನ ಇನ್ಸುಲಿನ್ ಹಿಡಿದುಕೊಂಡೇ ಮನೆಗೆ ಹೋಗುತ್ತಾರೆ. ಚುಚ್ಚುವುದು ಹೇಗೆ ಅಂತ ಮನೆಯವರಿಗೆ ಹೇಳಿಕೊಡುತ್ತೇವೆ. ಅದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಚುಚ್ಚಿದ ಮೇಲೆ ಊಟ ತಡವಾದರೆ, ಅರ್ಧಕ್ಕೇ ಬಿಟ್ಟರೆ, ತಿಂದದ್ದು ವಾಂತಿಯಾದರೆ ಏನು ಮಾಡಬೇಕು ಅನ್ನುವುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಫೋನ್ ಬರುವುದೆಲ್ಲ ಅದಕ್ಕೇ.

ಆಸ್ಪತ್ರೆಗಳಲ್ಲೂ ತೊಂದರೆ ಇಲ್ಲೇ ಆಗುವುದು. ಬೆಳಿಗ್ಗೆ ಏಳೂವರೆಗೆ ಪ್ಲೇನ್ ಇನ್ಸುಲಿನ್ ಕೊಟ್ಟಾಯಿತು ಅಂದುಕೊಳ್ಳಿ. ಇಡ್ಲಿ ಇನ್ನೂ ಅಡುಗೆಮನೆಯಿಂದ ಬಂದಿಲ್ಲ. ಅಷ್ಟರಲ್ಲಿ ವೀಲ್‌ಚೇರ್ ಬಂತು. "ಸ್ಕ್ಯಾನಿಂಗ್‌ಗೆ ಕರೀತಿದ್ದಾರೆ, ಖಾಲಿ ಹೊಟ್ಟೇಲೇ ಬರಬೇಕಂತೆ." ಕೆಳಗೆ ಹೋದರೆ ಅಲ್ಲಿ ಕ್ಯೂ. ಪ್ಲೇನ್ ಇನ್ಸುಲಿನ್ ಅರ್ಧ ಗಂಟೆಯಲ್ಲಿ ಕೆಲಸ ಶುರು ಮಾಡುತ್ತದೆ, ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ಅದರ ಜೋರು ಜಾಸ್ತಿ. ಸ್ಕ್ಯಾನಿಂಗ್ ತಡವಾಯಿತು ಅಂತ ಅದು ಕಾಯುವುದಿಲ್ಲ.

ಆದ್ದರಿಂದ ಮನೆಯಾಗಲಿ ವಾರ್ಡ್ ಆಗಲಿ, ಊಟದ ಇನ್ಸುಲಿನ್ ಕೊಡುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಈಗ ಶುಗರ್ ಎಷ್ಟಿದೆ? ಊಟ ರೆಡಿ ಇದೆಯಾ, ಇಲ್ಲಾ "ಈಗ ಆಗುತ್ತೆ" ಅನ್ನುವ ಹಂತದಲ್ಲಿದೆಯಾ? ಇವರು ಅದನ್ನು ತಿನ್ನುವ ಸ್ಥಿತಿಯಲ್ಲಿದ್ದಾರಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಸೂಜಿ ಕೈಗೆ ತಗೊಳ್ಳಿ.

ಯಾವ ಇನ್ಸುಲಿನ್ ಅನ್ನುವುದೂ ಗೊತ್ತಿರಬೇಕು. ಪ್ಲೇನ್, ಅಂದರೆ ರೆಗ್ಯುಲರ್, ನೋಡಲು ನೀರಿನಂತೆ ತಿಳಿ. ಊಟಕ್ಕೆ ಅರ್ಧ ಗಂಟೆ ಮುಂಚೆ. ಲಿಸ್‌ಪ್ರೊ, ಆಸ್ಪಾರ್ಟ್ ಥರದವು ಇನ್ನೂ ಬೇಗ ಕೆಲಸ ಮಾಡುತ್ತವೆ, ತಟ್ಟೆ ಮುಂದೆ ಇಟ್ಟುಕೊಂಡೇ ತಗೊಳ್ಳಬೇಕು. ಎನ್‌ಪಿಎಚ್ ಹಾಲಿನಂತೆ ಬೆಳ್ಳಗೆ, ನಿಧಾನ. 30/70 ಅಂತ ಬರುವ ಮಿಕ್ಸ್ ಇನ್ಸುಲಿನ್‌ನಲ್ಲಿ ಬೇಗ ಕೆಲಸ ಮಾಡುವುದೂ ನಿಧಾನದ್ದೂ ಎರಡೂ ಬೆರೆತಿರುತ್ತವೆ. ಗ್ಲಾರ್ಜಿನ್, ಡೆಗ್ಲುಡೆಕ್ ದಿನವಿಡೀ ಸಮನಾಗಿ ಕೆಲಸ ಮಾಡುವಂಥವು. ಇವು ಕೂಡ ತಿಳಿಯಾಗೇ ಇರುತ್ತವೆ. ಹಾಗಾಗಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಬಾಟಲಿ ಮೇಲಿನ ಹೆಸರು ಓದಿ.

ಪ್ರಶ್ನೆ ಇದ್ದರೆ ಇಲ್ಲೇ ಕೇಳಿ. ಡೋಸ್ ಹೆಚ್ಚು ಕಡಿಮೆ ಮಾಡುವ ವಿಷಯ ಮಾತ್ರ ನಿಮ್ಮ ಡಾಕ್ಟರ್ ಹತ್ತಿರವೇ ಮಾತಾಡಬೇಕು.

ವಿಜಯನಗರದ ಮಗಳು

ಸಿಸ್ಟರ್, ಸರಿಯಾದ ಸಮಯಕ್ಕೆ ಬರೆದಿರಿ. ನಮ್ಮಮ್ಮನಿಗೆ 68 ವರ್ಷ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದರು, ಈಗ ಮನೆಗೆ ಬಂದಿದ್ದಾರೆ. ಮಿಕ್ಸ್ ಇನ್ಸುಲಿನ್ ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟಕ್ಕೆ ಅರ್ಧ ಗಂಟೆ ಮುಂಚೆ ಅಂತ ಬರೆದಿದ್ದಾರೆ. ಆದರೆ ಅಮ್ಮ ಒಂದು ಹೊತ್ತು ಚೆನ್ನಾಗಿ ತಿಂತಾರೆ, ಇನ್ನೊಂದು ಹೊತ್ತು ಎರಡು ತುತ್ತು ಮುದ್ದೆಗೇ ಸಾಕು ಅಂತಾರೆ. ಚುಚ್ಚಿ ಆದಮೇಲೆ ತಿನ್ನಲ್ಲ ಅಂದರೆ ನಾನೇನು ಮಾಡಲಿ? ಬಲವಂತ ಮಾಡಿದರೆ ವಾಂತಿ.

ವಾರ್ಡ್ ಸಿಸ್ಟರ್, ಬಸವನಗುಡಿ

ಮೊದಲು ಇವತ್ತಿನ ಮಾತು. ಚುಚ್ಚಿ ಆಗಿದೆ, ಅವರು ತಿನ್ನಲಿಲ್ಲ ಅಂದರೆ ಘನ ಆಹಾರಕ್ಕೆ ಒತ್ತಾಯ ಮಾಡಬೇಡಿ. ತೆಳ್ಳಗಿನ ರಾಗಿ ಗಂಜಿ, ಹಾಲು, ಹಣ್ಣಿನ ರಸ, ಯಾವುದು ಒಳಗೆ ಹೋಗುತ್ತದೋ ಅದನ್ನು ಸ್ವಲ್ಪ ಸ್ವಲ್ಪವೇ ಕೊಡಿ. ಗಂಟೆಗೊಮ್ಮೆ ಶುಗರ್ ನೋಡಿ. ಡಾಕ್ಟರ್‌ಗೆ ಫೋನ್ ಮಾಡಿ. ರಾತ್ರಿ ಡೋಸ್ ಆದಮೇಲೆ ಹೀಗಾದರೆ "ಮಲಗಲಿ ಬಿಡಿ" ಅಂತ ಬಿಡಬೇಡಿ. ಮಿಕ್ಸ್‌ನಲ್ಲಿ ನಿಧಾನದ ಭಾಗವೂ ಇದೆ, ಅದು ನಡುರಾತ್ರಿಯಲ್ಲೂ ಶುಗರ್ ಇಳಿಸಬಹುದು.

ಎರಡನೆಯದು ಇನ್ನೂ ಮುಖ್ಯ. ಡಾಕ್ಟರ್ ಹತ್ತಿರ ಹೋಗಿ ಇದನ್ನೇ ಹೇಳಿ: "ಅಮ್ಮ ಎಷ್ಟು ತಿಂತಾರೆ ಅಂತ ಮೊದಲೇ ಗೊತ್ತಾಗಲ್ಲ." ಇದು ಅವರಿಗೆ ಬಹಳ ಬೇಕಾದ ಮಾಹಿತಿ. ಊಟದ ಅಳತೆ ಪ್ರತಿದಿನ ಒಂದೇ ಥರ ಇರುವವರಿಗೆ ಮಿಕ್ಸ್ ಚೆನ್ನಾಗಿ ಹೊಂದುತ್ತದೆ. ನಿಮ್ಮಮ್ಮನ ಥರ ಏರುಪೇರು ಇರುವವರಿಗೆ ಬೇರೆ ರೀತಿ ಬರೆಯಲೂಬಹುದು. ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ಊಟ ಆದ ತಕ್ಷಣ, ತಿಂದದ್ದನ್ನು ನೋಡಿಕೊಂಡು ಕೊಡಿ ಅಂತ ಹೇಳುವ ಡಾಕ್ಟರ್‌ಗಳಿದ್ದಾರೆ. ಅದು ಅವರ ತೀರ್ಮಾನ. ಆದರೆ ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ.

ಮೂರು ಉತ್ತರ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಶುಗರ್ ಎಷ್ಟಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ಕೊಡದೆ ಫೋನ್ ಮಾಡಬೇಕು? ಅರ್ಧ ಮಾತ್ರ ತಿಂದರೆ ಏನು ಮಾಡಬೇಕು? ರಾತ್ರಿ ಯಾರಿಗೆ ಫೋನ್ ಮಾಡಬೇಕು? ಆ ಚೀಟಿ ಫ್ರಿಜ್ ಬಾಗಿಲಿಗೆ ಅಂಟಿಸಿ, ನಿಮ್ಮಣ್ಣ ಬಂದರೂ ಹೋಂ ನರ್ಸ್ ಬಂದರೂ ಕಾಣಬೇಕು.

ಔಷಧಿ ಅಂಗಡಿ, ಹನುಮಂತನಗರ

ಸಿಸ್ಟರ್ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಒಂದು ಸೇರಿಸುತ್ತೇನೆ. ಕೌಂಟರ್‌ನಲ್ಲಿ ದಿನಾ ಕಾಣುವ ಅಪಾಯ ಇದು.

ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಶಕ್ತಿಯಲ್ಲಿ ಬರುತ್ತದೆ. ಒಂದು ಮಿಲಿಯಲ್ಲಿ 40 ಯೂನಿಟ್ ಇರುವುದು, ಒಂದು ಮಿಲಿಯಲ್ಲಿ 100 ಯೂನಿಟ್ ಇರುವುದು. ಸಿರಿಂಜೂ ಎರಡು ಥರ. 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. ಇನ್ಸುಲಿನ್ ಪೆನ್ ಒಳಗೆ ಕೂರುವ ಔಷಧಿಯ ಚಿಕ್ಕ ಕೊಳವೆ, ಅಂದರೆ ಕಾರ್ಟ್ರಿಡ್ಜ್, ಸಾಮಾನ್ಯವಾಗಿ 100ರದ್ದು.

ಅದಲುಬದಲಾದರೆ ಲೆಕ್ಕ ನೋಡಿ. ಡೋಸ್ 20 ಯೂನಿಟ್. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ 20ರ ಗೆರೆವರೆಗೆ ಎಳೆದರೆ ಅರ್ಧ ಮಿಲಿ ಆಯಿತು. ಅದರಲ್ಲಿ ಇರುವುದು 50 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಮಾಡಿದರೆ, 40ರ ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನ 20ರ ಗೆರೆಗೆ ಎಳೆದರೆ ಹೋಗುವುದು 8 ಯೂನಿಟ್ ಮಾತ್ರ. "ಡೋಸ್ ಸರಿಯಾಗೇ ಕೊಡ್ತಿದ್ದೀವಿ, ಶುಗರ್ ಇಳೀತಾನೇ ಇಲ್ಲ" ಅಂತ ಬಂದವರಿಗೆ ನಾನು ಮೊದಲು ಕೇಳುವುದು ಬಾಟಲಿ ಮತ್ತು ಸಿರಿಂಜ್ ಎರಡನ್ನೂ ತಂದು ತೋರಿಸಿ ಅಂತ.

ಬಾಟಲಿ ಒಂದು ಅಂಗಡಿಯಲ್ಲಿ, ಸಿರಿಂಜ್ ಆನ್‌ಲೈನ್‌ನಲ್ಲಿ ತರಿಸುವವರು ಇದನ್ನು ಖಂಡಿತ ನೋಡಿಕೊಳ್ಳಿ.

ರಘು ಲಗ್ಗೆರೆ

ಅಣ್ಣಾ, ಗಾಬರಿ ಆಯ್ತು. ನಮ್ಮ ತಂದೆಯ ಪೆನ್ ಕೆಟ್ಟಾಗ ನಾವು ಕಾರ್ಟ್ರಿಡ್ಜ್‌ನಿಂದಲೇ ಸಿರಿಂಜ್‌ಗೆ ಎಳೆದು ಕೊಡ್ತಿದ್ದೀವಿ. ಸಿರಿಂಜ್ ಕೆಂಪು ಮುಚ್ಚಳದ್ದೇ.

ಔಷಧಿ ಅಂಗಡಿ, ಹನುಮಂತನಗರ

ರಘು ಅವರೇ, ಅದನ್ನು ಈಗಲೇ ನಿಲ್ಲಿಸಿ. ತಂದೆಯವರ ಶುಗರ್ ಈಗ ಎಷ್ಟಿದೆ ನೋಡಿ. ಇವತ್ತೇ ಡಾಕ್ಟರ್‌ಗೆ ತಿಳಿಸಿ. ಎಷ್ಟು ಗೆರೆ ಎಳೆಯುತ್ತಿದ್ದಿರಿ ಅನ್ನುವುದನ್ನೂ ಹೇಳಿ, ಅದು ಬಹಳ ಮುಖ್ಯ. ಯಾಕೆಂದರೆ ಅವರ ಮೈಗೆ ನಿಜವಾಗಿ ಹೋದ ಡೋಸ್ ಬೇರೆ, ಚೀಟಿಯಲ್ಲಿರುವುದು ಬೇರೆ. ಪೆನ್ ಕೆಟ್ಟರೆ ಅದೇ ಕಂಪನಿಯ ಪೆನ್ ಮತ್ತೆ ತಗೊಳ್ಳಬೇಕು. ಕಾರ್ಟ್ರಿಡ್ಜ್‌ಗೆ ಸಿರಿಂಜ್ ಚುಚ್ಚುವುದು ಬೇಡವೇ ಬೇಡ.

ಟೈಪ್ ಒನ್ ಅಮ್ಮ, ಯಲಹಂಕ

ಸಿಸ್ಟರ್, ನಿಮ್ಮ ಮಾತಿನಲ್ಲಿ ಒಂದು ಕಡೆ ನನಗೆ ಭಯ ಇದೆ, ಹೇಳಲೇಬೇಕು. ತಟ್ಟೆ ನೋಡಿ ಆಮೇಲೆ ಸೂಜಿ ಅನ್ನುವುದನ್ನು ಓದಿದವರು "ಊಟ ಇಲ್ಲ ಅಂದರೆ ಇನ್ಸುಲಿನ್ ಇಲ್ಲ" ಅಂದುಕೊಂಡುಬಿಡುತ್ತಾರೆ. ನನ್ನ ಮಗನಿಗೆ ಟೈಪ್ ಒನ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಸಕ್ಕರೆ ಕಾಯಿಲೆ. ಅವನಿಗೆ ಜ್ವರ, ವಾಂತಿ ಬಂದು ಏನೂ ತಿನ್ನದ ದಿನವೂ ಇನ್ಸುಲಿನ್ ಬೇಕು. ಪೂರ್ತಿ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರುತ್ತದೆ, ಉಸಿರು ಜೋರಾಗುತ್ತದೆ, ಐಸಿಯು ಸೇರಬೇಕಾಗುತ್ತದೆ. ಮನೆಗೆ ಬಂದ ನೆಂಟರು "ಪಾಪ ಮಗು ಏನೂ ತಿಂದಿಲ್ಲ, ಇವತ್ತೊಂದಿನ ಸೂಜಿ ಬೇಡ ಬಿಡು" ಅಂತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಆ ಮಾತು ಕೇಳಿದರೆ ಮಗುವಿನ ಜೀವಕ್ಕೇ ಕುತ್ತು.

ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. 1922ರ ಜನವರಿಯಲ್ಲಿ ಮೊದಲು ಅದನ್ನು ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗ. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕಿ ಉಳಿಯುತ್ತಿರಲಿಲ್ಲ. ನನ್ನ ಮಗ ಇವತ್ತು ಸ್ಕೂಲಿಗೆ ಹೋಗಿ ಕ್ರಿಕೆಟ್ ಆಡುತ್ತಾನೆ ಅಂದರೆ ಅದೇ ಕಾರಣ. ದಯವಿಟ್ಟು ಈ ವಿಷಯ ಬಿಡಿಸಿ ಹೇಳಿ.

ವಾರ್ಡ್ ಸಿಸ್ಟರ್, ಬಸವನಗುಡಿ

ನೀವು ಹೇಳಿದ್ದು ನೂರಕ್ಕೆ ನೂರು ನಿಜ ಅಮ್ಮ, ಬಿಡಿಸಿಯೇ ಹೇಳುತ್ತೇನೆ.

ಇನ್ಸುಲಿನ್‌ಗೆ ಎರಡು ಕೆಲಸ. ತಿಂದ ಊಟದಿಂದ ಏರುವ ಸಕ್ಕರೆ ಇಳಿಸುವುದು ಒಂದು. ಏನೂ ತಿನ್ನದಿದ್ದರೂ ನಮ್ಮ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ, ಅದನ್ನು ಹಿಡಿತದಲ್ಲಿಡುವುದು ಇನ್ನೊಂದು. ಗ್ಲಾರ್ಜಿನ್ ಥರದವು ಈ ಎರಡನೇ ಕೆಲಸಕ್ಕೆ. ಟೈಪ್ ಒನ್ ಇರುವವರಿಗೆ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ತಟ್ಟೆ ನೋಡಬೇಕಾದದ್ದು ಊಟದ ಇನ್ಸುಲಿನ್‌ಗೆ.

ಮೈ ಹುಷಾರಿಲ್ಲದ ದಿನ ಶುಗರ್ ಇಳಿಯುತ್ತದೆ ಅಂತ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಆಗುವುದು ಉಲ್ಟಾ, ಜ್ವರ ಬಂದಾಗ ಏರುತ್ತದೆ. ಅವತ್ತು ಎರಡು ಮೂರು ಗಂಟೆಗೊಮ್ಮೆ ಶುಗರ್ ನೋಡಿ, ಟೈಪ್ ಒನ್ ಆದರೆ ಕೀಟೋನ್ ಕೂಡ ನೋಡಿ. ನೀರು, ಮಜ್ಜಿಗೆ, ಗಂಜಿ ತಿಳಿ ಕುಡಿಸುತ್ತಿರಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆ ನೋವು ಬಂದರೆ, ಉಸಿರಾಟ ಆಳವಾಗಿ ಜೋರಾದರೆ, ಬಾಯಿಂದ ಹಣ್ಣಿನ ಥರ ವಾಸನೆ ಬಂದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ನಾಗರಭಾವಿ ಸತೀಶ

ಸಿಸ್ಟರ್, ನಮ್ಮ ತಂದೆಗೆ ಸ್ಟ್ರೋಕ್ ಆಗಿ ಮೂಗಿನಲ್ಲಿ ರೈಲ್ಸ್ ಟ್ಯೂಬ್ ಇದೆ. ಟ್ಯೂಬ್‌ನಲ್ಲೇ ಫೀಡ್. ರಾತ್ರಿ ಹೋಂ ನರ್ಸ್ ಇರ್ತಾರೆ. ಮೊನ್ನೆ ರಾತ್ರಿ ಅಪ್ಪ ನಿದ್ದೆಯಲ್ಲಿ ಟ್ಯೂಬ್ ಕಿತ್ತುಕೊಂಡಿದ್ದಾರೆ. ಆ ಹುಡುಗ ಬೆಳಿಗ್ಗೆ ಆಸ್ಪತ್ರೆಗೆ ಹೋದರಾಯ್ತು ಅಂತ ಸುಮ್ನೆ ಇದ್ದುಬಿಟ್ಟ. ರಾತ್ರಿ ಇನ್ಸುಲಿನ್ ಆಗಲೇ ಕೊಟ್ಟಿತ್ತು. ಬೆಳಿಗ್ಗೆ ಶುಗರ್ 52. ಅದೃಷ್ಟಕ್ಕೆ ಎಚ್ಚರ ಇತ್ತು. ಏಜೆನ್ಸಿಯವರನ್ನು ಕೇಳಿದರೆ "ಟ್ರೈನಿಂಗ್ ಕೊಟ್ಟಿದ್ದೀವಿ ಸರ್" ಅಂತಾರೆ.

ವಾರ್ಡ್ ಸಿಸ್ಟರ್, ಬಸವನಗುಡಿ

ಸತೀಶ್ ಸರ್, ಇದನ್ನು ಎಲ್ಲರೂ ಓದಬೇಕು. ಟ್ಯೂಬ್ ಫೀಡ್ ಇರುವವರಿಗೆ ಆ ಟ್ಯೂಬೇ ತಟ್ಟೆ. ಫೀಡ್ ನಿಂತರೆ ಊಟ ನಿಂತಂತೆ, ಒಳಗಿನ ಇನ್ಸುಲಿನ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಟ್ಯೂಬ್ ಬಂದುಬಿಟ್ಟರೆ, ಕಟ್ಟಿಕೊಂಡರೆ, ಹೊಟ್ಟೆ ಉಬ್ಬರಿಸಿದೆ ಅಂತ ಫೀಡ್ ನಿಲ್ಲಿಸಿದರೆ ತಕ್ಷಣ ಶುಗರ್ ನೋಡಬೇಕು, ಡಾಕ್ಟರ್‌ಗೆ ಫೋನ್ ಮಾಡಬೇಕು. ಆಮೇಲೆ ಗಂಟೆಗೊಮ್ಮೆ ನೋಡುತ್ತಿರಬೇಕು. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ನುಂಗಲು ಆಗದವರ ಬಾಯಿಗೆ ಸಕ್ಕರೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಟ್ಯೂಬ್ ಇಲ್ಲ, ಶುಗರ್ ಇಳಿಯುತ್ತಿದೆ ಅಂದರೆ ಆಸ್ಪತ್ರೆಗೇ ಹೋಗಬೇಕು, ನರಕ್ಕೆ ಗ್ಲುಕೋಸ್ ಕೊಡಬೇಕಾಗುತ್ತದೆ.

ಇನ್ನು ಆ ಹುಡುಗನ ಬಗ್ಗೆ ಒಂದು ಮಾತು. ಹೋಂ ನರ್ಸ್ ಅಂತ ಬರುವವರಲ್ಲಿ ನರ್ಸಿಂಗ್ ಓದಿದವರೂ ಇರುತ್ತಾರೆ, ಸ್ವಲ್ಪ ದಿನದ ತರಬೇತಿ ಪಡೆದ ಅಟೆಂಡರ್‌ಗಳೂ ಇರುತ್ತಾರೆ. ದುಡ್ಡು ಕೊಡುವ ಮುಂಚೆ ಯಾರು ಬರುತ್ತಿದ್ದಾರೆ ಅಂತ ಸ್ಪಷ್ಟವಾಗಿ ಕೇಳಿ. ಎಂಥವರೇ ಬಂದರೂ ಮೊದಲ ರಾತ್ರಿ ಕೂರಿಸಿಕೊಂಡು ಹೇಳಿ: ಫೀಡ್ ನಿಂತರೆ ಎಷ್ಟೊತ್ತಾದರೂ ನನ್ನನ್ನು ಎಬ್ಬಿಸು, ಬೈಯಲ್ಲ. ಯಜಮಾನರನ್ನು ನಡುರಾತ್ರಿ ಎಬ್ಬಿಸಲು ಹೆದರುವ ಎಷ್ಟೋ ಹುಡುಗ ಹುಡುಗಿಯರನ್ನು ನಾನು ನೋಡಿದ್ದೇನೆ. ಆ ಹೆದರಿಕೆಯನ್ನು ತೆಗೆಯಬೇಕಾದವರು ನಾವು.

ವಿಜಯನಗರದ ಮಗಳು

ಶುಗರ್ ಇಳಿದಿದೆ ಅಂತ ಮಿಷನ್ ಇಲ್ಲದೆ ಹೇಗೆ ಗೊತ್ತು ಮಾಡಿಕೊಳ್ಳೋದು ಸಿಸ್ಟರ್? ಅಮ್ಮ ಏನೂ ಹೇಳಲ್ಲ.

ವಾರ್ಡ್ ಸಿಸ್ಟರ್, ಬಸವನಗುಡಿ

70ಕ್ಕಿಂತ ಕಡಿಮೆ ಅಂದರೆ ಲೋ ಶುಗರ್. 54ಕ್ಕಿಂತ ಕೆಳಗೆ ಹೋದರೆ ಮೆದುಳಿಗೇ ತೊಂದರೆ ಶುರು. ಪುಸ್ತಕದಲ್ಲಿ ನಡುಕ, ಬೆವರು, ಹಸಿವು, ಎದೆ ಬಡಿತ ಅಂತ ಇರುತ್ತದೆ. ವಯಸ್ಸಾದವರಲ್ಲಿ ಇವೆಲ್ಲ ಹಾಗೇ ಕಾಣುವುದಿಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು. ಬಹಳ ಸಾಧು. ಒಂದು ಸಂಜೆ ಸೊಸೆಯ ಮೇಲೆ ರೇಗಾಡುತ್ತಿದ್ದರು. ಹೊದಿಕೆಯ ಅಂಚನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಮಾತು ಸ್ವಲ್ಪ ತೊದಲು. ಸೊಸೆ "ಇವತ್ತು ಅತ್ತೆಗೆ ಸಿಟ್ಟು" ಅಂದರು. ನಾನು ಅವರ ಕತ್ತಿನ ಹಿಂದೆ ಕೈ ಇಟ್ಟೆ. ಕೂದಲಿನ ಬುಡ ಒದ್ದೆ, ದಿಂಬೂ ಒದ್ದೆ, ಚರ್ಮ ತಣ್ಣಗೆ. ಮಿಷನ್‌ನಲ್ಲಿ 48 ಬಂತು. ಅದಕ್ಕೇ ಹೇಳುವುದು, ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಬೆರಳಿಗೆ ಚುಚ್ಚಿ ನೋಡಿ, ಆಮೇಲೆ ಬೇರೆ ಕಾರಣ ಹುಡುಕಿ. ಬಿಪಿ, ಹೃದಯಕ್ಕೆ ಅಂತ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುವವರಲ್ಲಿ ನಡುಕ, ಎದೆ ಬಡಿತ ಕಾಣದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ.

ಎಚ್ಚರ ಇದ್ದು ನುಂಗುವಂತಿದ್ದರೆ ಸುಮಾರು 15 ಗ್ರಾಂ ಸಕ್ಕರೆ. ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲುಕೋಸ್ ಪುಡಿಯನ್ನೋ ಅರ್ಧ ಲೋಟ ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಮತ್ತೆ ಅಷ್ಟೇ. ದಾಟಿದ ಮೇಲೆ ಇಡ್ಲಿಯೋ ಬಾಳೆಹಣ್ಣೋ ಏನಾದರೂ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಚಾಕೊಲೇಟ್, ಮೈಸೂರ್ ಪಾಕ್ ಈ ಹೊತ್ತಿಗೆ ಸರಿಯಲ್ಲ. ಅದರಲ್ಲಿನ ತುಪ್ಪ, ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: ಇನ್ಸುಲಿನ್ ಜೊತೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಇದ್ದರೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರಿಗೆ ಗ್ಲುಕೋಸ್ ಪುಡಿಯೇ ಬೇಕು. ಮಾತ್ರೆಯ ಹೆಸರು ಈಗಲೇ ನೋಡಿಕೊಳ್ಳಿ. ಇದ್ದರೆ ಒಂದು ಪ್ಯಾಕೆಟ್ ಗ್ಲುಕೋಸ್ ತಲೆದಿಂಬಿನ ಹತ್ತಿರ ಇರಲಿ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿದ್ದು ಹೇಳಿಕೊಟ್ಟಿದ್ದರೆ ಕೊಡಿ.

ನಿವೃತ್ತ ಸಿಸ್ಟರ್, ಮಲ್ಲೇಶ್ವರ

ನಾನು ಮನೆ ಮನೆಗೆ ಹೋಗಿ ನೋಡುತ್ತಿದ್ದ ಸಮುದಾಯ ಆರೋಗ್ಯ ನರ್ಸ್. ಎಲ್ಲರೂ ಶುಗರ್ ನಂಬರ್ ನೋಡುತ್ತಾರೆ, ಹೊಟ್ಟೆ ನೋಡುವವರು ಕಡಿಮೆ. ಆ ವಿಷಯ ಹೇಳುತ್ತೇನೆ.

ರೋಗಿಯನ್ನು ಬೆಳಕಿನ ಕಡೆ ನಿಲ್ಲಿಸಿ, ಅಂಗಿ ಎತ್ತಿಸಿ, ಪಕ್ಕದಿಂದ ನೋಡಿ. ಹೊಕ್ಕುಳಿನ ಎರಡೂ ಕಡೆ ಸಣ್ಣಗೆ ಉಬ್ಬಿದೆಯಾ? ಆಮೇಲೆ ಬೆರಳ ತುದಿ ಆಡಿಸಿ. ಗಂಟು ಇರುವ ಕಡೆ ಚರ್ಮ ದಪ್ಪ, ರಬ್ಬರ್ ಥರ, ಚಿವುಟಲು ಸಿಗುವುದಿಲ್ಲ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಅಲ್ಲಿ ಕೊಬ್ಬು ಬೆಳೆದಿರುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ರೋಗಿಗೂ ಅದೇ ಜಾಗ ಇಷ್ಟ. ಆದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ಹೀರುತ್ತದೆ, ಇನ್ನೊಂದು ದಿನ ಇಲ್ಲ. "ಇವತ್ತು 300, ನಾಳೆ 65" ಅಂತ ಗೋಳಾಡುವ ಎಷ್ಟೋ ಮನೆಗಳಲ್ಲಿ ಕಾರಣ ಇದೇ.

ಇಲ್ಲಿ ಒಂದು ಎಚ್ಚರಿಕೆ. ಗಂಟು ಬಿಟ್ಟು ಒಳ್ಳೆ ಜಾಗಕ್ಕೆ ಅದೇ ಡೋಸ್ ಕೊಟ್ಟರೆ ಅದು ಪೂರ್ತಿ ಹೀರಿಕೊಂಡು ಶುಗರ್ ಸರ್ರನೆ ಇಳಿಯಬಹುದು. ಜಾಗ ಬದಲಿಸುವ ಮುಂಚೆ ಡಾಕ್ಟರ್‌ಗೆ ಹೇಳಿ ಡೋಸ್ ಕೇಳಿಕೊಳ್ಳಿ, ಮುಂದಿನ ಕೆಲವು ದಿನ ಜಾಸ್ತಿ ಸಲ ಶುಗರ್ ನೋಡಿ.

ಹೊಟ್ಟೆ, ತೊಡೆಯ ಹೊರಭಾಗ, ತೋಳಿನ ಹಿಂಭಾಗ, ಪೃಷ್ಠ, ಈ ಜಾಗಗಳಲ್ಲಿ ಕೊಡಬಹುದು. ಹೊಕ್ಕುಳಿನಿಂದ ಎರಡು ಬೆರಳು ದೂರ ಇರಲಿ. ಹಿಂದಿನ ಸಲ ಚುಚ್ಚಿದ್ದಕ್ಕೂ ಈ ಸಲದ್ದಕ್ಕೂ ಒಂದು ಬೆರಳಿನಷ್ಟಾದರೂ ಅಂತರ ಬೇಕು. ಕ್ಯಾಲೆಂಡರ್‌ನಲ್ಲಿ "ಬಲ ಮೇಲೆ", "ಎಡ ಕೆಳಗೆ" ಅಂತ ಗುರುತು ಹಾಕಿಕೊಳ್ಳಿ. ಚುಚ್ಚಿದ ಜಾಗ ತಿಕ್ಕಬೇಡಿ. ಪೆನ್ ಆದರೆ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಬರುವುದನ್ನು ನೋಡಿ. ಗುಂಡಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ಬೆಳ್ಳಗಿನ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಿ. ಕುಲುಕಬೇಡಿ.

ರಘು ಲಗ್ಗೆರೆ

ಮೊದಲು ಅಪ್ಪನ ವಿಷಯ. ಶುಗರ್ ನೋಡಿದೆ, 118 ಇತ್ತು. ಡಾಕ್ಟರ್ ಬಂದು ತೋರಿಸಿ ಅಂದರು, ಹೊಸ ಪೆನ್ ತಂದಿದ್ದೀವಿ. ಎಲ್ಲರಿಗೂ ಥ್ಯಾಂಕ್ಸ್.

ಈಗ ಸೂಜಿ ಬಗ್ಗೆ. ಪ್ರತಿ ಸಲ ಹೊಸ ಸೂಜಿ ಅಂದರೆ ನಮ್ಮಂಥವರಿಗೆ ಕಷ್ಟ ಆಗುತ್ತೆ. ಬಿಸಿನೀರಲ್ಲಿ ಅದ್ದಿ ಮತ್ತೆ ಬಳಸಬಹುದಾ?

ನಿವೃತ್ತ ಸಿಸ್ಟರ್, ಮಲ್ಲೇಶ್ವರ

ಬಿಸಿನೀರು, ಸ್ಪಿರಿಟ್ ಎರಡೂ ಬೇಡಪ್ಪ. ಸೂಜಿ ಮೇಲಿನ ಸಿಲಿಕೋನ್ ಲೇಪ ಹೋಗುತ್ತದೆ, ನೋವು ಜಾಸ್ತಿ ಆಗುತ್ತದೆ. ಸೂಜಿ ತಯಾರಾಗಿರುವುದೇ ಒಂದು ಸಲಕ್ಕೆ. ಮತ್ತೆ ಮತ್ತೆ ಬಳಸಿದರೆ ತುದಿ ಬಾಗುತ್ತದೆ, ಗಂಟು ಬೀಳುವುದೂ ಹೆಚ್ಚು. ದುಡ್ಡಿನ ಕಷ್ಟ ನನಗೆ ಅರ್ಥ ಆಗುತ್ತದೆ. ಅದನ್ನು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ. ಪೆನ್‌ಗಿಂತ 40ರ ಬಾಟಲಿ ಮತ್ತು ಕೆಂಪು ಮುಚ್ಚಳದ ಸಿರಿಂಜ್ ಅಗ್ಗ. ಜನೌಷಧಿ ಅಂಗಡಿಯಲ್ಲೂ, ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿ. ಇನ್ನೊಂದು ಮಾತು, ಒಬ್ಬರ ಪೆನ್ ಇನ್ನೊಬ್ಬರಿಗೆ ಬೇಡ. ಗಂಡ ಹೆಂಡತಿ ಇಬ್ಬರದ್ದೂ ಒಂದೇ ಇನ್ಸುಲಿನ್ ಆಗಿದ್ದರೂ, ಸೂಜಿ ಬದಲಿಸಿದರೂ ಬೇಡ. ರಕ್ತದ ಅಂಶ ಕಾರ್ಟ್ರಿಡ್ಜ್ ಒಳಗೆ ಹೋಗುವ ಸಾಧ್ಯತೆ ಇದೆ.

ಕ್ಯಾಬ್ ಮಂಜ, ಕೆಂಗೇರಿ

ನಾನು ಕ್ಯಾಬ್ ಓಡಿಸ್ತೀನಿ, ಇನ್ಸುಲಿನ್ ತಗೋತೀನಿ. ಮನೇಲಿ ಬೆಳಿಗ್ಗೆ ತಗೊಂಡು ದಾರೀಲಿ ತಿಂಡಿ ತಿನ್ನೋಣ ಅಂತ ಹೊರಟರೆ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕೊಳ್ತೀನಿ. ಇನ್ಸುಲಿನ್ ಗಾಡೀಲೇ ಇಟ್ಕೊಂಡು ಹೋಟೆಲ್ ಹತ್ರ ತಗೊಳ್ಳೋದು ಸರೀನಾ?

ವಾರ್ಡ್ ಸಿಸ್ಟರ್, ಬಸವನಗುಡಿ

ಮಂಜಣ್ಣ, ಮನೆಯಲ್ಲೇ ತಗೊಂಡು ಮನೆಯಲ್ಲೇ ತಿಂದು ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಹೋಟೆಲಿನಲ್ಲಿ ಕೂತ ಮೇಲೆ ತಗೊಳ್ಳುವ ಥರದ ಇನ್ಸುಲಿನ್ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ. ಅರ್ಧ ಗಂಟೆ ಮುಂಚೆ ತಗೊಳ್ಳಬೇಕಾದದ್ದನ್ನು ನಮ್ಮ ಟ್ರಾಫಿಕ್ ನಂಬಿ ತಗೊಳ್ಳಬಾರದು. ಓಡಿಸುವ ಮುಂಚೆ ಶುಗರ್ ನೋಡಿ, ದೂರದ ಟ್ರಿಪ್‌ನಲ್ಲಿ ನಡುವೆಯೂ ನೋಡಿ. ಗ್ಲುಕೋಸ್ ಡ್ಯಾಶ್‌ಬೋರ್ಡ್ ಹತ್ತಿರ ಕೈಗೆ ಸಿಗುವಂತಿರಲಿ, ಹಿಂದಿನ ಡಿಕ್ಕಿಯಲ್ಲಿ ಅಲ್ಲ. ಸ್ವಲ್ಪ ಏನಾದರೂ ಅನ್ನಿಸಿದರೆ ಗಾಡಿ ಪಕ್ಕಕ್ಕೆ ಹಾಕಿ. ಕಸ್ಟಮರ್ ಬೈದರೂ ಪರವಾಗಿಲ್ಲ.

ಗಾಡಿಯಲ್ಲಿ ಇನ್ಸುಲಿನ್ ಇಡಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರು, ಸ್ಕೂಟರ್ ಡಿಕ್ಕಿ ಒಳಗೆ ಬಹಳ ಕಾಯುತ್ತದೆ, ಇನ್ಸುಲಿನ್ ಶಕ್ತಿ ಹೋಗುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ. ಜೊತೆಯಲ್ಲಿ ಒಯ್ಯಲೇಬೇಕಾದರೆ ತಂಪು ಪೌಚ್‌ನಲ್ಲಿಟ್ಟು, ಇಳಿದಾಗ ನಿಮ್ಮ ಜೊತೆಗೇ ತಗೊಂಡು ಹೋಗಿ.

ಔಷಧಿ ಅಂಗಡಿ, ಹನುಮಂತನಗರ

ಶೇಖರಣೆ ಬಗ್ಗೆ ಇಷ್ಟು. ತೆರೆಯದ ಬಾಟಲಿ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿ. ಫ್ರೀಜರ್‌ಗೆ ತಾಗುವಂತೆ ಇಡಬೇಡಿ. ಹಳೇ ಒಂದು ಬಾಗಿಲಿನ ಫ್ರಿಜ್‌ನಲ್ಲಿ ಮೇಲಿನ ಐಸ್ ಕೆಳಗೆ ಇಳಿಯುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು. ತೆರೆದದ್ದು ಸಾಮಾನ್ಯವಾಗಿ 28 ದಿನ. ಕೆಲವಕ್ಕೆ ಇನ್ನೂ ಹೆಚ್ಚು, ಡಬ್ಬಿ ಒಳಗಿನ ಚೀಟಿ ಓದಿ. ತೆರೆದ ದಿನಾಂಕ ಮಾರ್ಕರ್‌ನಲ್ಲಿ ಬರೆಯಿರಿ. ಬೆಂಗಳೂರು ಬಹುಪಾಲು ತಿಂಗಳು ತಂಪು ಅಂತ ತೆರೆದದ್ದನ್ನು ಹೊರಗಿಡುತ್ತೇವೆ. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುತ್ತದೆ, ಶೀಟ್ ಮನೆಯಲ್ಲಿ ಇನ್ನೂ ಜಾಸ್ತಿ. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಗೆ ನೀರು ಹಾಕಿ, ಅದರೊಳಗೆ ನೀರು ತಾಗದಂತೆ ಚಿಕ್ಕ ಡಬ್ಬಿಯಲ್ಲಿಟ್ಟು ಗಾಳಿಯಾಡುವ ನೆರಳಲ್ಲಿಡಿ. ಹೊರಗಿಗಿಂತ ಒಳ್ಳೇ ತಂಪಿರುತ್ತದೆ.

ನರ್ಸಿಂಗ್ ವಿದ್ಯಾರ್ಥಿನಿ, ಎರಡನೇ ವರ್ಷ

ಅಕ್ಕಾ, ವಾರ್ಡ್ ಪೋಸ್ಟಿಂಗ್ ಶುರುವಾಗಿದೆ. ಇನ್ಸುಲಿನ್ ಟ್ರೇ ಮುಟ್ಟೋಕೇ ಭಯ. ನಮ್ಮಂಥವರಿಗೆ ಏನು ಹೇಳ್ತೀರಾ?

ವಾರ್ಡ್ ಸಿಸ್ಟರ್, ಬಸವನಗುಡಿ

ಆ ಭಯ ಇರಲಿ ಮರಿ, ಅದು ಒಳ್ಳೆಯದೇ. ಇನ್ಸುಲಿನ್ ಹೆಚ್ಚು ಅಪಾಯದ ಔಷಧಿಗಳ ಪಟ್ಟಿಯಲ್ಲಿದೆ. ಎಳೆದ ಮೇಲೆ ಇನ್ನೊಬ್ಬ ಸಿಸ್ಟರ್‌ಗೆ ಬಾಟಲಿ, ಸಿರಿಂಜ್, ಆರ್ಡರ್ ಮೂರನ್ನೂ ತೋರಿಸು. ಅವರು ತಾವೇ ಓದಬೇಕು, ನೀನು ಹೇಳಿದ್ದಕ್ಕೆ "ಹೂಂ" ಅಂದರೆ ಸಾಲದು. ಯೂನಿಟ್ ಅನ್ನುವುದನ್ನು ಪೂರ್ತಿ ಬರೆ. ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 6 ಯೂನಿಟ್ 60 ಆಗುತ್ತದೆ. ಪ್ಲೇನ್ ಮತ್ತು ಎನ್‌ಪಿಎಚ್ ಒಂದೇ ಸಿರಿಂಜ್‌ಗೆ ಎಳೆಯುವಾಗ ಮೊದಲು ತಿಳಿ, ಆಮೇಲೆ ಬೆಳ್ಳಗಿನದು. ಗ್ಲಾರ್ಜಿನ್ ಯಾವುದರ ಜೊತೆಗೂ ಬೆರೆಸುವ ಹಾಗಿಲ್ಲ.

ಕೀಟೋನ್ ಏರಿ ಬಂದವರಿಗೆ ಇನ್ಸುಲಿನ್ ಡ್ರಿಪ್ ಶುರು ಮಾಡುವ ಮುಂಚೆ ಪೊಟ್ಯಾಶಿಯಂ ರಿಪೋರ್ಟ್ ಬಂದಿದೆಯಾ ಕೇಳು. ಇನ್ಸುಲಿನ್ ಪೊಟ್ಯಾಶಿಯಂ ಅನ್ನು ಜೀವಕೋಶದೊಳಗೆ ತಳ್ಳುತ್ತದೆ. ಮೊದಲೇ ಕಡಿಮೆ ಇದ್ದರೆ ಹೃದಯಕ್ಕೆ ಅಪಾಯ. ಕಿಡ್ನಿ ತೊಂದರೆ ಇರುವವರಲ್ಲಿ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಅವರ ಮೇಲೆ ಒಂದು ಕಣ್ಣು ಜಾಸ್ತಿ ಇಡು. ಸ್ಟಿರಾಯ್ಡ್ ಶುರುವಾದವರಿಗೆ ಶುಗರ್ ಏರುತ್ತದೆ. ಅದನ್ನು ನಿಲ್ಲಿಸಿದಾಗ ಇನ್ಸುಲಿನ್ ಕಡಿಮೆ ಮಾಡಿದ್ದಾರಾ ಅಂತ ಕೇಳುವುದನ್ನು ಮರೆಯಬೇಡ.

ಡ್ಯೂಟಿ ಹ್ಯಾಂಡೋವರ್‌ನಲ್ಲಿ ಬರೀ "ಇನ್ಸುಲಿನ್ ಕೊಟ್ಟಿದೆ" ಅನ್ನಬೇಡ. ಎಷ್ಟು ಕೊಟ್ಟೆ, ಎಷ್ಟು ಗಂಟೆಗೆ, ಆಗ ಜಿಆರ್‌ಬಿಎಸ್, ಅಂದರೆ ಬೆರಳಿಗೆ ಚುಚ್ಚಿ ನೋಡಿದ ಶುಗರ್, ಎಷ್ಟಿತ್ತು, ತಿಂದರಾ ಇಲ್ಲವಾ, ಎಲ್ಲಾ ಹೇಳು. ಕೊನೆಯದನ್ನೇ ಎಲ್ಲರೂ ಬಿಡುವುದು.

ಗೃಹಿಣಿ, ಪಾದರಾಯನಪುರ

ನಮ್ಮ ಮನೆಯಲ್ಲಿ ರಂಜಾನ್ ಉಪವಾಸ ಇರುತ್ತಾರೆ, ಪಕ್ಕದ ಮನೆಯಲ್ಲಿ ಏಕಾದಶಿ. ಇನ್ಸುಲಿನ್ ಇದ್ದವರು ಉಪವಾಸ ಮಾಡಬಹುದಾ ಸಿಸ್ಟರ್?

ವಾರ್ಡ್ ಸಿಸ್ಟರ್, ಬಸವನಗುಡಿ

ಕೆಲವರಿಗೆ ಆಗಬಹುದು, ಕೆಲವರಿಗೆ ಅಪಾಯ. ಉಪವಾಸಕ್ಕೆ ಒಂದೆರಡು ತಿಂಗಳು ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿ, ಡೋಸೂ ಸಮಯವೂ ಎರಡೂ ಬದಲಾಗುತ್ತವೆ. ಉಪವಾಸದ ನಡುವೆ ಶುಗರ್ 70ಕ್ಕಿಂತ ಇಳಿದರೆ ಅಲ್ಲಿಗೇ ಮುರಿಯಬೇಕು. ಬೆರಳಿಗೆ ಚುಚ್ಚಿ ಶುಗರ್ ನೋಡಿದರೆ ರೋಜಾ ಮುರಿಯುವುದಿಲ್ಲ ಅಂತ ಧರ್ಮ ಬಲ್ಲವರೂ ಹೇಳುತ್ತಾರೆ, ಆದ್ದರಿಂದ ನೋಡಲು ಹಿಂಜರಿಯಬೇಡಿ.

ಕಸ ವಿಂಗಡಣೆ ಸ್ವಯಂಸೇವಕಿ, ಜೆಪಿ ನಗರ

ಎಲ್ಲಾ ಓದಿದೆ. ಬಳಸಿದ ಸೂಜಿ ಎಲ್ಲಿಗೆ ಹಾಕುತ್ತೀರಿ ಅಂತ ಯಾರೂ ಹೇಳಲಿಲ್ಲ. ಒಣ ಕಸದ ಚೀಲದಲ್ಲಿ ಸಡಿಲ ಸೂಜಿಗಳು ಬರುತ್ತವೆ. ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕ ಒಬ್ಬರಿಗೆ ಹೆಬ್ಬೆರಳಿಗೆ ಚುಚ್ಚಿ, ಯಾರದ್ದೋ ಏನೋ ಅನ್ನುವ ಹೆದರಿಕೆಯಲ್ಲಿ ರಕ್ತ ಪರೀಕ್ಷೆಗಳಿಗೆ ಓಡಾಡಬೇಕಾಯಿತು. ಅವರಿಗೂ ಮನೆ, ಮಕ್ಕಳು ಇದ್ದಾರೆ.

ನಿವೃತ್ತ ಸಿಸ್ಟರ್, ಮಲ್ಲೇಶ್ವರ

ಸರಿಯಾಗಿ ಹೇಳಿದಿರಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಂದು ಇಟ್ಟುಕೊಳ್ಳಿ. ಬಟ್ಟೆ ಒಗೆಯುವ ಲಿಕ್ವಿಡ್ ಬರುವ ಕ್ಯಾನ್ ಚೆನ್ನಾಗಿರುತ್ತದೆ, ತೆಳ್ಳಗಿನ ನೀರಿನ ಬಾಟಲಿ ಬೇಡ. ಸಿರಿಂಜ್ ಆದರೆ ಮುಚ್ಚಳ ಮತ್ತೆ ಹಾಕಲು ಹೋಗಬೇಡಿ, ಬೇರೆಯವರಿಗೆ ಚುಚ್ಚುವವರ ಕೈಗೆ ತಾಗುವುದು ಆಗಲೇ. ನೇರ ಕ್ಯಾನ್ ಒಳಗೆ ಬಿಡಿ. ಶುಗರ್ ನೋಡಲು ಬೆರಳಿಗೆ ಚುಚ್ಚುವ ಲ್ಯಾನ್ಸೆಟ್ ಕೂಡ ಅಲ್ಲೇ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು ಟೇಪ್ ಸುತ್ತಿ, ಮೇಲೆ ಕೆಂಪು ಅಕ್ಷರದಲ್ಲಿ "ಸೂಜಿ" ಅಂತ ಬರೆಯಿರಿ. ನಿಮ್ಮ ಕ್ಲಿನಿಕ್ ಅಥವಾ ಲ್ಯಾಬ್ ತಗೊಳ್ಳುತ್ತದಾ ಕೇಳಿ. ಇಲ್ಲ ಅಂದರೆ ಹಸಿ ಕಸ, ಒಣ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡಿ. ಗಾಡಿ ಬಂದಾಗ ಕೈಗೇ ಕೊಟ್ಟು "ಅಕ್ಕಾ, ಇದರಲ್ಲಿ ಸೂಜಿ ಇದೆ" ಅಂತ ಬಾಯಲ್ಲಿ ಹೇಳಿ.

ಔಷಧಿ ಅಂಗಡಿ, ಹನುಮಂತನಗರ

ಕ್ಯಾನ್ ಸಿಗದವರು ನಮ್ಮ ಅಂಗಡಿಗೆ ಬನ್ನಿ. ಖಾಲಿ ಗಟ್ಟಿ ಡಬ್ಬಿಗಳು ಬರುತ್ತಿರುತ್ತವೆ, ತೆಗೆದಿಟ್ಟಿರುತ್ತೇನೆ.